ಅಚ್ಯುತನ ಕಾಫಿಗೆ ಸಕ್ಕರೆ ಬೇಡ

ಶಿವಮೊಗ್ಗದ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ.
ಹನ್ನೆರಡರ ಮೇಲೆ ಯಾರೂ ಯಾರನ್ನೂ ಕರೆಯುವುದಿಲ್ಲ,
ಸತ್ತವರ ಸುದ್ದಿ ಬಿಟ್ಟರೆ,
ಭದ್ರಾವತಿ ಕಾರ್ಖಾನೆಯ ಒಬ್ಬ ಫೋರ್‌ಮನ್ ಬಿಟ್ಟರೆ.
ಕಿವಿಗೆ ಹೆಡ್‌ಫೋನು, ಮಡಿಲಲ್ಲಿ ನೋಟುಬುಕ್ಕು.
ನಾನು, ಜುಬೇದಾ, ಫ್ಲೋರಿನ್:
ಬೇರೆಯವರು ಹೆತ್ತ ಪಾತ್ರಗಳನ್ನು
ಸಾಕಲು ತಂದುಕೊಂಡ ಮೂವರು.

ವಾರಪತ್ರಿಕೆಯ ಧಾರಾವಾಹಿ ಮೂವತ್ತೆರಡನೇ ವಾರಕ್ಕೆ
ಹುಲಿಕಲ್ ಘಾಟಿಯ ತಿರುವಿನಲ್ಲಿ ಜೀಪು ನಿಲ್ಲಿಸಿ,
ದೀಪ ಆರಿಸಿ, ‘ಮುಗಿಯಿತು’ ಅಂದುಬಿಟ್ಟಿತ್ತು.
ಒಳಗೆ ರೇಂಜರ್ ಅಚ್ಯುತ, ಪಕ್ಕದಲ್ಲಿ ಮಂದಾಕಿನಿ,
ಇಬ್ಬರ ನಡುವೆ ಒಂದು ಫ್ಲಾಸ್ಕು.
ಯಾರಾದರೂ ಹಾಗೆ ಬಿಟ್ಟು ಹೋಗುತ್ತಾರೆಯೇ, ಹೇಳಿ,
ಚಳಿಯಲ್ಲಿ, ಎಂಜಿನ್ ಆಫ್ ಮಾಡಿ?

ಜುಬೇದಾ ಅವರಿಗೆ ಅದೇ ರಾತ್ರಿ ಮದುವೆ ಮಾಡಿದಳು.
ಹದಿನಾಲ್ಕು ಪುಟ. ಅದರಲ್ಲಿ ಆರು ಪುಟ ಊಟವೇ.
ಕೊನೆಗೆ ಅವಳಿ ಮಕ್ಕಳು, ಒಂದಕ್ಕೆ ಕೆನ್ನೆಗುಳಿ.
ಫ್ಲೋರಿನ್‌ಗೆ ಸಾವೇ ಆಗಬೇಕು.
ಮೂರು ಸಲ ಕೊಂದಳು ಅಚ್ಯುತನನ್ನ:
ಒಮ್ಮೆ ಹಾವು, ಒಮ್ಮೆ ಮರಗಳ್ಳರು,
ಒಮ್ಮೆ ಬರೀ ನ್ಯುಮೋನಿಯಾ.
ಕೊಂದು, ಕರ್ಚೀಫಿನಲ್ಲಿ ಮೂಗೊರೆಸಿಕೊಳ್ಳುತ್ತ
‘ತೀರ್ಥಹಳ್ಳಿ ಲೈನ್ ಕೊಡ್ತೇನೆ, ಮಾತಾಡಿ’ ಅನ್ನುವಳು.

ನನಗೆ ಬೇಡದ್ದು ಬಹಳ.
ನೆನಪು ಹೋದವನ ಕಥೆ ಬೇಡ. ತಲೆಗೆ ಪೆಟ್ಟು ಬಿದ್ದರೆ
ಪ್ರೀತಿ ಮಾತ್ರ ಮರೆಯುತ್ತದಂತೆ,
ಜೀಪು ಓಡಿಸುವುದು ನೆನಪಿರುತ್ತದಂತೆ!
ಸತ್ತವನ ತಮ್ಮ ಅಚ್ಚು ಅವನ ಹಾಗೇ ಬರುವುದು ಬೇಡ.
ಮಂದಾಕಿನಿ ಎಂದೂ ಅಳದವಳು, ಅವಳನ್ನು
ಪುಟಕ್ಕೆರಡು ಸಲ ಅಳಿಸಬೇಡಿ.
ಅಚ್ಯುತ ಸಕ್ಕರೆ ಇಲ್ಲದ ಕಾಫಿ ಕುಡಿಯುವವನು.
ಏಳನೇ ವಾರದಲ್ಲಿ ಬರೆದಿದೆ, ಕತ್ತರಿಸಿ ಇಟ್ಟಿದ್ದೇನೆ.
ಅವನನ್ನು ಕೊಲ್ಲಿ ಬೇಕಾದರೆ, ಸಕ್ಕರೆ ಮಾತ್ರ ಹಾಕಬೇಡಿ.

ಬೇಕಾದದ್ದು ಕೇಳಿದರೆ ತಡವರಿಸುತ್ತೇನೆ.
ಎರಡು ಅಧ್ಯಾಯಗಳ ನಡುವೆ ಅವರು ಏನು ತಿಂದರು ಅಂತ.
ಧಾರಾವಾಹಿ ಪೂರ್ತಿ ಜೀಪು ತೊಳೆದ ಡ್ರೈವರ್ ಹೊನ್ನಪ್ಪ
ಭಾನುವಾರ ಎಲ್ಲಿಗೆ ಹೋಗುತ್ತಿದ್ದ ಅಂತ.
ಫ್ಲಾಸ್ಕಿನ ಮುಚ್ಚಳ ಒಂದೇ; ಮೊದಲು ಯಾರು ಕುಡಿದರು ಅಂತ.
ಅಷ್ಟೇ. ಮುಟ್ಟದಿದ್ದರೂ ಆದೀತು ಒಬ್ಬರನ್ನೊಬ್ಬರು.

‘ನಿನ್ನ ಕಥೆಯಲ್ಲಿ ಏನೂ ಆಗುವುದಿಲ್ಲ ಸುಕನ್ಯಾ,
ಉಪ್ಪು ಹಾಕದ ಗಂಜಿ’ ಅಂದಳು ಜುಬೇದಾ.
‘ನಿನ್ನದು ಶಾಮಿಯಾನ ಬಾಡಿಗೆಯ ಬಿಲ್ಲು’ ಅಂದೆ.
ಎಂಟು ದಿನ ಮಾತಿಲ್ಲ.
ಸಾಗರದ ಕರೆ ಹೊಸನಗರಕ್ಕೆ ಹೋಯಿತು, ಹೊಸನಗರದ್ದು ಸೊರಬಕ್ಕೆ.

ಒಂಬತ್ತನೆಯ ರಾತ್ರಿ ನನ್ನ ಸ್ಟೂಲಿನ ಮೇಲೆ ನೋಟುಬುಕ್ಕು.
ಜುಬೇದಾಳ ದುಂಡಕ್ಷರ: ‘ಸುಕನ್ಯಾಗೆ’.
ಮದುವೆಯಿಲ್ಲ. ಮಕ್ಕಳಿಲ್ಲ. ಸಕ್ಕರೆಯಿಲ್ಲ.
ಹೊನ್ನಪ್ಪ ಭಾನುವಾರ ಕೂಡಲಿಗೆ ಹೋಗಿ
ಹೊಳೆಗೆ ಬೆನ್ನು ಹಾಕಿ ಕೂತು ಚಪ್ಪಲಿ ಹೊಲಿದುಕೊಳ್ಳುತ್ತಾನೆ.
ಮುಚ್ಚಳದಲ್ಲಿ ಮೊದಲು ಮಂದಾಕಿನಿ ಕುಡಿಯುತ್ತಾಳೆ,
ಅಚ್ಯುತ ಅದನ್ನು ತೊಳೆಯದೆ ಕುಡಿಯುತ್ತಾನೆ.
ನಾನು ಕೇಳಿದ್ದೆಲ್ಲ ಇತ್ತು, ತಕ್ಕಡಿ ಹಿಡಿದು ತೂಗಿದ ಹಾಗೆ.
ನನಗೆ ಹಿಡಿಸಲಿಲ್ಲ.
ಪುಟಪುಟದಲ್ಲೂ ಅವಳು ಹಸಿವು ತಡೆದುಕೊಂಡು
ನನ್ನ ಪಥ್ಯ ಮಾಡಿದ್ದಳು;
ಒಂದು ಕಡೆ ‘ಬಿರಿಯಾನಿ’ ಎಂದು ಬರೆದು
ಹೊಡೆದುಹಾಕಿದ್ದಳು, ಕಾಗದ ಹರಿಯುವಷ್ಟು.

ಮಂಗಳವಾರ, ಲೈನೆಲ್ಲ ಸತ್ತ ಗಳಿಗೆಯಲ್ಲಿ,
ಟ್ರಂಕ್ ಚೀಟಿಗಳ ಬೆನ್ನಿಗೆ ನಾನು ಮದುವೆ ಬರೆದೆ.
ಕೆಟ್ಟದಾಗಿ ಬರೆದೆ. ಡೇಗ್ಚಿ ಎಷ್ಟು, ಅಕ್ಕಿ ಎಷ್ಟು ಗೊತ್ತಿಲ್ಲ,
ಓಲಗ ಮೊದಲೋ ತಾಂಬೂಲ ಮೊದಲೋ.
ಅಚ್ಯುತನ ಕೈ ನಡುಗಿತು ಅಂತ ಬರೆದು
ನನಗೇ ನಾಚಿಕೆಯಾಯಿತು.
ಅವಳಿ ಮಕ್ಕಳಲ್ಲಿ ಒಂದನ್ನು ಹೇಗೋ ಒಪ್ಪಿಕೊಂಡೆ,
ಕೆನ್ನೆಗುಳಿ ಇಲ್ಲದ್ದನ್ನು.

ಜುಬೇದಾ ಓದಿದಳು, ತುಟಿ ಕಚ್ಚಿಕೊಂಡು.
‘ನೂರು ಜನಕ್ಕೆ ಎರಡು ಸೇರು ಅಕ್ಕಿಯೇನೇ?
ಹೊಟ್ಟೆಗಿಲ್ಲದೆ ಸಾಯ್ತಾರಲ್ಲೇ!’
‘ನನಗೆ ಬಿಡಿ, ನಾನು ಸಾಯಿಸ್ತೀನಿ’
ಫ್ಲೋರಿನ್ ಪೆನ್ನಿಗೆ ಕೈ ಚಾಚಿದಳು.
ಅಷ್ಟರಲ್ಲಿ ಬೋರ್ಡಿನಲ್ಲಿ ಒಂದು ಕೆಂಪು ದೀಪ.
ಯಾವ ಊರೋ. ಮೂವರೂ ಒಟ್ಟಿಗೆ,
‘ಹಲೋ, ಶಿವಮೊಗ್ಗ.’